ಕೂರುವ ಪಾಳಿ

ನಮ್ಮ ಸ್ಟೇಷನ್ನಿನ ವಿಚಾರ ಹೇಳಬೇಕಾದರೆ ನಾನೇ ಹೇಳಬೇಕು. ಸ್ಟೇಷನ್ ಮಾಸ್ಟರ್ ಲೋಬೋ ಒಳ್ಳೆಯವರೇ, ಆದರೆ ವರ್ಗವಾಗಿ ಬಂದವರು. ದಿನವಿಡೀ ಕಿಟಕಿಯ ಹಿಂದೆ ಕೂತು ಟಿಕೆಟ್ ಕೊಡುವವರಿಗೆ ಹೊರಗೆ ನಡೆಯುವುದರಲ್ಲಿ ಅರ್ಧವೂ ಗೊತ್ತಿರುವುದಿಲ್ಲ. ನಾನು ರುದ್ರಾಣಿ. ಹೆಂಗಸರ ವೇಟಿಂಗ್ ರೂಮಿನ ಬೀಗದ ಕೈ ನನ್ನ ಸೊಂಟದಲ್ಲಿದೆ. ಮದುವೆಯಾಗಿ ಹೆಂಚಿನಬೀದಿಗೆ ಬಂದಾಗ ಇಲ್ಲಿ ಸ್ಟೇಷನ್ನೇ ಇರಲಿಲ್ಲ. ಅದು ಬಂದಾಗ ನಾನಿದ್ದೆ, ಅದು ಹೊರಟಾಗಲೂ ನಾನಿದ್ದೆ. ಇನ್ನು ಯಾರ ಸಾಕ್ಷಿ ಬೇಕು?

ಮೊದಲು ಸೌಕರ್ಯಗಳನ್ನು ಹೇಳಿಬಿಡುತ್ತೇನೆ. ದೊಡ್ಡ ಜಂಕ್ಷನ್ನಿನಿಂದ ಬರುವವರು ನಮ್ಮದನ್ನು ನೋಡಿ ಮೂಗು ಮುರಿಯುತ್ತಾರೆ, ಅವರಿಗೆ ಗೊತ್ತಾಗಲಿ. ಪ್ಲಾಟ್‌ಫಾರ್ಮ್ ಒಂದೇ, ಆದರೆ ಒಳ್ಳೆ ಕಲ್ಲಿನದು. ಕುಡಿಯುವ ನೀರಿನ ನಲ್ಲಿ ನಾಲ್ಕಿವೆ, ಒಂದನ್ನು ಬಿಟ್ಟು ಎಲ್ಲದರಲ್ಲೂ ನೀರು ಬರುತ್ತದೆ. ತೂಕದ ಯಂತ್ರವೊಂದಿದೆ. ಅದು ಎಲ್ಲರ ತೂಕವನ್ನೂ ಸ್ವಲ್ಪ ಕಡಿಮೆಯೇ ತೋರಿಸುವುದರಿಂದ ಅದರ ಮುಂದೆ ಯಾವಾಗಲೂ ಜನ. ಬಾಷಾ ಸಾಬರ ಟೀ ಅಂಗಡಿಯಲ್ಲಿ ಬನ್ನು, ಖಾರದ ಬಿಸ್ಕೆಟ್ಟು ಸಿಗುತ್ತದೆ. ಹೊರಗೆ ತಿಪ್ಪೇಸ್ವಾಮಿಯ ಸೈಕಲ್ ಸ್ಟ್ಯಾಂಡು. ತಳ್ಳುಗಾಡಿ ಹತ್ತಿಸಲು ಒಂದು ಬದಿಯಲ್ಲಿ ಇಳಿಜಾರು. ಹೆಂಗಸರ ವೇಟಿಂಗ್ ರೂಮಿನಲ್ಲಿ ಎರಡು ಬೆಂಚು, ಒಂದು ಕನ್ನಡಿ, ತೊಟ್ಟಿಲು ಕಟ್ಟಲು ಸೂರಿನಲ್ಲಿ ಕೊಕ್ಕೆ. ದಿನಕ್ಕೆರಡು ಸಲ ನಾನೇ ಫಿನಾಯಿಲ್ ಹಾಕಿ ತೊಳೆಯುತ್ತೇನೆ. ಬೋರ್ಡಿನ ಮೇಲೆ ಊರಿನ ಹೆಸರಿಲ್ಲ, ‘ನಿಲ್ದಾಣ’ ಎಂದಷ್ಟೇ ಇದೆ. ಹೆಸರು ಅಳಿಸಿ ಬರೆದು, ಅಳಿಸಿ ಬರೆದು ರೈಲ್ವೆಯವರಿಗೆ ಸಾಕಾಗಿಹೋಯಿತು.

ಯಾಕೆಂದರೆ ಅದು ಒಂದೇ ಕಡೆ ಇದ್ದದ್ದಲ್ಲ. ಮೊದಲು ಹೊಳೆಯ ಸೇತುವೆ ಹತ್ತಿರ ಇತ್ತಂತೆ. ಆಮೇಲೆ ಬಟ್ಟೆ ಗಿರಣಿಯ ಎದುರು. ಆಮೇಲೆ ಪೇಟೆಯ ಹಿಂಭಾಗ. ಆಮೇಲೆ ನಮ್ಮ ಹೆಂಚಿನಬೀದಿ. ಇದ್ದ ಜಾಗದಲ್ಲೆಲ್ಲ ಜನ ಒಂದೊಂದು ಬೇವಿನ ಗಿಡ ನೆಟ್ಟಿದ್ದರು. ಗಾಡಿಯಲ್ಲಿ ಕೂತು ನೋಡಿದರೆ ಹಳಿಯ ಪಕ್ಕ ಬಯಲಿನಲ್ಲಿ ಒಂಟಿ ಬೇವಿನ ಮರ ಕಾಣುತ್ತದಲ್ಲ, ಅಲ್ಲೆಲ್ಲ ಒಂದು ಕಾಲಕ್ಕೆ ನಮ್ಮ ಸ್ಟೇಷನ್ನಿತ್ತು. ಪ್ಲಾಟ್‌ಫಾರ್ಮಿನ ಮೇಲೆ ಒಬ್ಬರೂ ಇಲ್ಲದೆ ಹೋದರೆ ಅದು ಹೊರಡುತ್ತದೆ. ಹಳಿಯ ಪಕ್ಕದಲ್ಲೇ ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬಂದದ್ದನ್ನು ಯಾರೂ ಕಂಡಿಲ್ಲ. ನಲ್ಲಿ, ಬೆಂಚು, ಟೀ ಅಂಗಡಿ, ಸೈಕಲ್ ಸ್ಟ್ಯಾಂಡು ಎಲ್ಲ ಒಟ್ಟಿಗೆ. ರೂಮಿನೊಳಗಿದ್ದವರು ಲೆಕ್ಕಕ್ಕಿಲ್ಲ. ಪೇಟೆಯಿಂದ ಹೊರಟಾಗ ಆಗಿನ ಮಾಸ್ಟರು ಒಳಗೆ ಕೂತು ಮೊಸರನ್ನ ತಿನ್ನುತ್ತಿದ್ದರು. ಕುರ್ಚಿ ಸಮೇತ ಉರುಳಿಬಿದ್ದು, ಎದ್ದು ಕಿಟಕಿ ತೆರೆದರೆ ಎದುರಿಗೆ ನಮ್ಮ ಬೀದಿ! ಗಾಡಿ ಓಡಿಸುವವರಿಗೆ ಮಾತ್ರ ಯಾವ ತೊಂದರೆಯೂ ಇಲ್ಲ, ಎಲ್ಲಿ ಕಂಡರೆ ಅಲ್ಲಿ ನಿಲ್ಲಿಸುತ್ತಾರೆ.

ಅದು ನಮ್ಮ ಬೀದಿಗೆ ಬಂದ ದಿನ ನನಗೆ ಹೆರಿಗೆ ನೋವು. ಮಗು ಅಡ್ಡ ಬಿದ್ದಿದೆ, ಪಟ್ಟಣದ ಆಸ್ಪತ್ರೆಗೇ ಹೋಗಬೇಕು ಎಂದು ಸೂಲಗಿತ್ತಿ ಕೈಚೆಲ್ಲಿದ್ದಳು. ಪೇಟೆಯವರೆಗೆ ಹೋಗಲು ಗಾಡಿಯಿಲ್ಲ, ರಸ್ತೆಯೂ ಇಲ್ಲ. ನಮ್ಮತ್ತೆ ನನ್ನನ್ನು ಹಳಿಯ ಪಕ್ಕ ಕೂರಿಸಿ, ರೈಲು ಬಂದರೆ ಅಡ್ಡ ಮಲಗಿಯಾದರೂ ನಿಲ್ಲಿಸುತ್ತೇನೆ ಎಂದು ಸೆರಗು ಸೊಂಟಕ್ಕೆ ಸಿಗಿಸಿ ನಿಂತಿದ್ದರು. ಅದೇ ಹೊತ್ತಿಗೆ ಪೇಟೆಯವರೆಲ್ಲ ಸರ್ಕಸ್ಸಿನ ಆನೆ ನೋಡಲು ಮೈದಾನಕ್ಕೆ ಓಡಿದ್ದರು. ಪ್ಲಾಟ್‌ಫಾರ್ಮ್ ಖಾಲಿಯಾಯಿತು. ಸ್ಟೇಷನ್ನು ಬಂದು ನಮ್ಮತ್ತೆಯ ಕಾಲ ಬುಡದಲ್ಲಿ ನಿಂತಿತು, ಅದರ ಹಿಂದೆಯೇ ರೈಲೂ ಬಂತು. ನಾನೂ ಉಳಿದೆ, ಮಗಳೂ ಉಳಿದಳು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಸ್ಟೇಷನ್ನು ಬೇಕಾದವರು ಇರುವಲ್ಲಿ ನಿಲ್ಲುತ್ತದೆ ಅಂತ.

ಬಂದದ್ದನ್ನು ಬಿಡುವವರುಂಟೇ? ಹೆಂಚಿನ ಕಾರ್ಖಾನೆ ಮುಚ್ಚಿ ನಮ್ಮ ಬೀದಿ ಬಣಗುಟ್ಟುತ್ತಿತ್ತು. ಸ್ಟೇಷನ್ನು ಬಂದ ಮೇಲೆ ಹೂವಿನವರು ಬಂದರು, ಹೋಟೆಲ್ಲು ಬಂತು, ಮನೆ ಬಾಡಿಗೆ ಏರಿತು. ಪೇಟೆಯವರ ಹಾಗೆ ನಾವು ಪೆದ್ದರಾಗಬಾರದು ಎಂದು ನಾನೇ ಮುಂದೆ ನಿಂತು ಪಾಳಿ ಮಾಡಿದೆ. ಹಗಲೂ ರಾತ್ರಿ ಯಾರಾದರೊಬ್ಬರು ಪ್ಲಾಟ್‌ಫಾರ್ಮಿನ ಮೇಲೆ ಕೂರಲೇಬೇಕು. ಕೂತು ಅಕ್ಕಿ ಆರಿಸಿ, ಹೂ ಕಟ್ಟಿ, ನಿದ್ದೆ ಮಾಡಿ, ಅಡ್ಡಿಯಿಲ್ಲ. ಕುಡಿದವನಾದರೂ ನಡೆಯುತ್ತದೆ, ನಾಯಿ ನಡೆಯುವುದಿಲ್ಲ. ಬೀದಿಗೆ ಬಂದ ಹೊಸ ಸೊಸೆ ಮೊದಲು ಒಂದು ಪಾಳಿ ಕೂತು ಆಮೇಲೆ ಅಡುಗೆ ಮನೆಗೆ ಕಾಲಿಡಬೇಕು. ಮದುವೆ ಮುಂಜಿಯಲ್ಲಿ ಪಾಳಿಯವರಿಗೆ ಮೊದಲ ಪಂಕ್ತಿಯಲ್ಲಿ ಎಲೆ, ಸಿಹಿ ಎರಡು ಸಲ. ಎಲ್ಲರೂ ಕಾಯುವಾಗ ಅವರು ಮೊದಲು ಉಂಡು ಸ್ಟೇಷನ್ನಿಗೆ ಓಡುತ್ತಿದ್ದರು. ಇದೆಲ್ಲ ನಾನು ಮಾಡಿದ ಶಾಸ್ತ್ರ, ಇಂದಿಗೂ ನನಗೆ ಅದರ ಬಗ್ಗೆ ಹೆಮ್ಮೆಯೇ.

ಹೀಗಿರುವಾಗ ದುರ್ಗವ್ವ ಬಂದಳು. ನಮ್ಮ ಬೀದಿಯಿಂದ ಹಳಿಗುಂಟ ಒಂದು ಗಂಟೆ ನಡೆದರೆ ಕಲ್ಲುಕೋರೆ, ಅದರ ಪಕ್ಕದಲ್ಲಿ ಕೋರೆಯವರ ಕಾಲೋನಿ. ಅಲ್ಲಿಂದಾಚೆ ಬರೀ ಬೆಟ್ಟ. ಅವಳ ಗಂಡ ಹುಲಿಯಪ್ಪ ಕಲ್ಲು ಒಡೆಯುವವನು, ಎರಡೂ ಕಿಡ್ನಿ ಕೈಕೊಟ್ಟಿದ್ದವು. ಸೋಮವಾರ, ಗುರುವಾರ ಪಟ್ಟಣದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು. ಅವನನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಜಲ್ಲಿಕಲ್ಲಿನ ಮೇಲೆ ಆ ಹೆಂಗಸೊಬ್ಬಳೇ ತಳ್ಳಿಕೊಂಡು ಬರುತ್ತಿದ್ದಳು. ಹತ್ತರ ಗಾಡಿ ತಪ್ಪಿಸಬಾರದೆಂದು ಬೆಳಕು ಹರಿಯುವ ಹೊತ್ತಿಗೇ ಬಂದುಬಿಡುತ್ತಿದ್ದಳು. ಗಂಡಸರಿಗೆ ವೇಟಿಂಗ್ ರೂಮಿನೊಳಗೆ ಪ್ರವೇಶವಿಲ್ಲ ಎಂದು ನಾನು ಮೊದಲ ದಿನವೇ ಹೇಳಿಬಿಟ್ಟೆ. ಅವನು ಹೊರಗಿನ ಬೆಂಚಿನ ಮೇಲೆ ಮಲಗುತ್ತಿದ್ದ.

ಮೈಯಲ್ಲಿ ಕಸುವಿಲ್ಲದಿದ್ದರೂ ಅವನ ಬಾಯಿ ಚುರುಕು. “ಅಕ್ಕಾರ, ಈ ಅಂಚಿನ ಕಲ್ಲು ನೋಡ್ರಿ. ನಮ್ಮಪ್ಪ ಹೊಡದದ್ದು. ನಮ್ಮ ಕೋರಿ ಕಲ್ಲ ಇದು” ಎಂದು ಒಂದು ದಿನ ಪ್ಲಾಟ್‌ಫಾರ್ಮಿನ ಮೇಲೆ ಅಂಗೈ ಸವರಿದ. “ಅದಕ್ಕ ನಿಮ್ಮ ಟೇಷನ್ ಈ ಕಡಿ ನಡಕೋತ ಬರಾಕತ್ತೈತಿ. ಮಗಳು ತೌರಮನಿಗಿ ಹೊಂಟಾಳ, ನೀವು ನಡುವ ಹಿಡದು ಕುಂದ್ರಿಸೀರಿ.”

“ಹಿಡಿದು ಕೂರಿಸಿರೋದ್ರಿಂದಲೇ ನಿನಗೆ ಗಾಡಿ ಸಿಗ್ತಿರೋದು, ಸುಮ್ನೆ ಮಲಕ್ಕೋ” ಎಂದೆ. ಅವನು ನಕ್ಕ. ನನಗೂ ನಗು ಬಂತು, ತೋರಿಸಿಕೊಳ್ಳಲಿಲ್ಲ.

ದುರ್ಗವ್ವ ನಗುವವಳಲ್ಲ. ಅವಳು ಬಂದು ಎದುರಿಗೇ ಕೇಳಿದಳು. “ಅಕ್ಕಾರ, ಒಂದು ದಿನ ಪಾಳಿ ಬಿಡ್ರಿ.”

“ಬಿಟ್ಟರೆ?”

“ಬಿಟ್ರ ನಮ್ಮ ಕಡಿ ಬರತೈತಿ. ಇವರನ್ನ ಗಾಡ್ಯಾಗ ಹಾಕ್ಕೊಂಡು ಬರೂದ್ರಾಗ ಅರ್ಧ ಜೀವ ಹೋಗತೈತ್ರೀ. ತೊಳಸ್ಕೊಂಡು ಬಂದ ರಕ್ತ ಆ ಕಲ್ಲಿನ ಮ್ಯಾಲ ಕುಲುಕಿ ಕುಲುಕಿ ಏನ್ ಉಳೀತೈತ್ರಿ?”

“ನಿಮ್ಮ ಕಡೆಗೇ ಬರುತ್ತೆ ಅಂತ ಯಾರು ಹೇಳಿದ್ರು? ಕೋರೆ ದಾಟಿ ಬೆಟ್ಟಕ್ಕೆ ಹೋಗಿಬಿಟ್ರೆ? ಆಗ ನಿನಗೂ ಇಲ್ಲ, ನಮಗೂ ಇಲ್ಲ.”

“ಬೇಕಾದವರು ಇದ್ದಲ್ಲಿ ನಿಲ್ತೈತಿ ಅಂತ ನೀವ ಹೇಳ್ತೀರಲ್ರೀ.”

ನನಗೆ ರೇಗಿತು. ನನ್ನ ಮಾತನ್ನು ನನಗೇ ತಿರುಗಿಸುವವರನ್ನು ಕಂಡರೆ ನನಗಾಗುವುದಿಲ್ಲ. “ಸ್ಟೇಷನ್ ಅಂದ್ರೆ ಪಕ್ಕದ ಮನೆಯಿಂದ ಇಸ್ಕೊಂಡು ಹೋಗೋ ಸಕ್ಕರೆ ಅಂದ್ಕೊಂಡ್ಯೇನೇ? ಇಡೀ ಬೀದಿ ಇದನ್ನ ನಂಬ್ಕೊಂಡಿದೆ. ಆಗಲ್ಲ ಅಂದ್ರೆ ಆಗಲ್ಲ.” ಅವಳು ಮತ್ತೆ ಕೇಳಲಿಲ್ಲ. ಅತ್ತೂ ಕರೆಯಲಿಲ್ಲ. ಹೋಗಿ ಗಂಡನ ತಲೆಯ ಕೆಳಗೆ ಚೀಲ ಮಡಚಿಟ್ಟಳು.

ನಮ್ಮ ಬೀದಿಯವರ ಬುದ್ಧಿ ಕೇಳಿ. ಹೇಗೂ ಬೆಳಗ್ಗೆಯೇ ಬಂದು ಕೂತಿರುತ್ತಾಳಲ್ಲ ಎಂದು ಒಬ್ಬೊಬ್ಬರೇ ತಮ್ಮ ಬೆಳಗಿನ ಪಾಳಿಯನ್ನು ದುರ್ಗವ್ವನ ತಲೆಗೆ ಕಟ್ಟತೊಡಗಿದರು. “ಸ್ವಲ್ಪ ಕೂತಿರು ತಾಯಿ, ದೋಸೆ ಹುಯ್ದು ಬರ್ತೀನಿ.” “ಮಗೂನ ಸ್ಕೂಲಿಗೆ ಬಿಟ್ಟು ಬಂದೆ.” ಅವಳು ಹೂಂ ಎನ್ನುತ್ತಿದ್ದಳು. ಸ್ಟೇಷನ್ನು ತನ್ನ ಮನೆಗೆ ಹೋಗದ ಹಾಗೆ ಅವಳೇ ಹಿಡಿದುಕೊಂಡು ಕೂರುತ್ತಿದ್ದಳು. ಬಾಷಾ ಸಾಬರು ಒಂದೆರಡು ಸಲ ನನ್ನ ಮುಖ ನೋಡಿ, “ಇದು ಸರಿ ಕಾಣಲ್ಲ ಅಕ್ಕಾ” ಎಂದರು. “ಯಾರು ಕೂತರೇನು ಸಾಬರೇ, ಸ್ಟೇಷನ್ ನಿಂತರಾಯಿತು” ಎಂದೆ. ಆದರೂ ಆಮೇಲೆ ಅವಳು ಬಂದಾಗಲೆಲ್ಲ ಒಂದು ಟೀ ನನ್ನ ಲೆಕ್ಕದಲ್ಲಿ ಕೊಡಲು ಹೇಳಿದ್ದೆ.

ತಿಪ್ಪೇಸ್ವಾಮಿಯ ಮಗಳು ಪಂಕಜಳ ಮದುವೆ ಒಂದು ಗುರುವಾರ ಬಿತ್ತು. ಬೀದಿಗೆ ಬೀದಿಯೇ ಛತ್ರದಲ್ಲಿ. ಬಾಷಾ ಸಾಬರೂ ಅಂಗಡಿ ಮುಚ್ಚಿ ಬಂದಿದ್ದರು. ಬೆಳಗಿನ ಪಾಳಿಗೆ ದುರ್ಗವ್ವ ಕೂತಿದ್ದಳು. ಹತ್ತರ ಗಾಡಿಗೆ ಮುಂಚೆ ಬೇರೆಯವರು ಬಂದು ಬಿಡಿಸುತ್ತಾರೆ ಎಂದು ನಾನೇ ಹೇಳಿ ಬಂದಿದ್ದೆ. ಬೆಳಗಿನ ಮುಹೂರ್ತ ಮುಗಿದು ಒಂಬತ್ತಕ್ಕೇ ಮೊದಲ ಪಂಕ್ತಿ ಹಾಕುವಾಗ ಕೋಸಂಬರಿ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತು, “ಪಾಳಿಯವರು ಯಾರ್ರಪ್ಪಾ, ಬನ್ನಿ” ಎಂದು ಕೂಗಿದೆ. “ನಂದು ಪಾಳಿ” ಎಂದು ಒಬ್ಬ ಕೂತ. “ನಂದೂ” ಎಂದು ಅವನ ಪಕ್ಕದವ ಕೂತ. ಅವತ್ತು ಲಾಡು ಮಾಡಿಸಿದ್ದರು, ಹಸಿವೂ ಆಗಿತ್ತು, ಎಲ್ಲರದೂ ಪಾಳಿಯೇ! ಆ ಕೊನೆಯಿಂದ ಈ ಕೊನೆಯವರೆಗೆ ಎಲೆಯ ಮುಂದೆ ಕೂತವರೆಲ್ಲ ಪಾಳಿಯವರು. ಇಷ್ಟೊಂದು ಜನ ಹೋಗುವಾಗ ಸ್ಟೇಷನ್ನಿಗೇನು ಕೊರತೆ ಎಂದು ನಾನು ಸಾರಿನ ಕಡೆ ಹೋದೆ. ಇಷ್ಟೊಂದು ಜನ ಹೋಗುವಾಗ ನಾನ್ಯಾಕೆ ಎಂದು ಅವರಲ್ಲಿ ಪ್ರತಿಯೊಬ್ಬನೂ ಎಲೆಯಡಿಕೆ ಹಾಕಿಕೊಂಡು ಜಮಖಾನದ ಮೇಲೆ ಉರುಳಿದ.

ಮಧ್ಯಾಹ್ನ ಎಲ್ಲ ಮುಗಿಸಿ, ದುರ್ಗವ್ವ ಸಂಜೆ ವಾಪಸ್ಸು ಬಂದಾಗ ಕೊಡೋಣವೆಂದು ಡಬ್ಬಿಯಲ್ಲಿ ಲಾಡು ಹಾಕಿಕೊಂಡು ನಾನು ಸ್ಟೇಷನ್ನಿಗೆ ಬಂದೆ. ಪ್ಲಾಟ್‌ಫಾರ್ಮಿನ ನಡುವೆ ಅವಳೊಬ್ಬಳೇ ಕೂತಿದ್ದಳು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಬೆಂಚಿನ ಮೇಲೆ ಹುಲಿಯಪ್ಪ ಇರಲಿಲ್ಲ.

“ಯಾಕೇ, ಹೋಗಲಿಲ್ವಾ? ಅವನೆಲ್ಲಿ?”

“ಅವರನ್ನ ಹತ್ತಿಸಿ ಕಳಿಸೇನ್ರಿ. ಒಬ್ಬರ ಹೋದ್ರು.” ಎಂದು ಹಳಿಯ ಕಡೆ ನೋಡಿದಳು. “ಯಾರೂ ಬರಲಿಲ್ಲ ಅಕ್ಕಾರ. ಹಾದಿ ನೋಡಿ ನೋಡಿ ಸಾಕಾತು. ಗಾಡಿ ಬಂದ ನಿಂತ್ತು. ಇಬ್ಬರೂ ಹತ್ತಿದ್ರ ಇದು ಹೋಗತಿತ್ತು.”

“ಹೋಗ್ಲಿ ಅಂತ ತಾನೇ ನೀನು ಕೇಳಿದ್ದು!”

“ಕೇಳಿದ್ದೆ. ನೀವು ಕೊಡಲಿಲ್ಲ. ನೀವು ಇಲ್ಲದ ಹೊತ್ತಿನ್ಯಾಗ ಹೊತ್ಕೊಂಡು ಹೋದ್ರ ನಾಳೆ ನಮ್ಮ ಕಾಲೋನಿಯವ್ರನ್ನ ಯಾರು ಈ ಬೀದ್ಯಾಗ ಬಿಟ್ಕೋತಾರ್ರೀ? ಇವರೂ ಅದನ್ನ ಅಂದ್ರು, ನೀ ಕುಂದ್ರು, ನಾ ಹೋಗಿ ಬರ್ತೀನಿ ಅಂತ. ನೆಟ್ಟಗ ನಿಲ್ಲಾಕ ಬರೂದಿಲ್ಲ ಅವರಿಗೆ. ಅಲ್ಲಿ ಇಳಿಸವ್ರು ಯಾರು? ತಿರುಗಿ ಹತ್ತಿಸವ್ರು ಯಾರು?” ಎಂದವಳೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವಳು ಅತ್ತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ನನಗೆ ಎಲ್ಲಿಲ್ಲದ ಸಿಟ್ಟು. ಯಾರ ಮೇಲೆ ಎಂದು ಗೊತ್ತಾಗದೆ ಲಾಡಿನ ಡಬ್ಬಿಯನ್ನು ಬೆಂಚಿನ ಮೇಲೆ ಕುಕ್ಕಿದೆ. ಸಂಜೆಯವರೆಗೆ ಪಟ್ಟಣದ ಕಡೆ ಬೇರೆ ಗಾಡಿಯಿಲ್ಲ. ಲೋಬೋ ಮಾಸ್ಟರು ಅಲ್ಲಿನ ಸ್ಟೇಷನ್ನಿಗೆ ಫೋನು ಮಾಡಿದರು, ಅವರು ನೋಡುತ್ತೇವೆ ಎಂದರು, ಅಷ್ಟೇ. ನಾವಿಬ್ಬರೂ ಹಳಿಯನ್ನೇ ನೋಡುತ್ತ ಕೂತೆವು. ಅವಳೂ ಲಾಡು ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ.

ಹೊತ್ತು ಇಳಿಯುವಾಗ ಸಂಜೆಯ ಗಾಡಿ ಬಂತು. ಇಳಿಯುವವರೆಲ್ಲ ಇಳಿದರು. ಹುಲಿಯಪ್ಪ ಕಾಣಲಿಲ್ಲ. ದುರ್ಗವ್ವ ಮುಂದಿನ ಡಬ್ಬಿಗಳ ಕಡೆ ಓಡಿದಳು, ನಾನು ಹಿಂದಿನ ಕಡೆ. “ಮಾಸ್ಟರೇ, ಬಾವುಟ ತೋರಿಸಿದ್ರೆ ನೋಡಿ ಮತ್ತೆ!” ಎಂದು ಕಿರುಚಿದೆ. ಲೋಬೋ ಹಸಿರು ಬಾವುಟವನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಕಟ್ಟಕಡೆಯ ಡಬ್ಬಿಯ ಬಾಗಿಲ ಹತ್ತಿರ, ನೆಲದ ಮೇಲೆ, ಅವನು ಗೋಡೆಗೆ ಒರಗಿಕೊಂಡಿದ್ದ. ಕಣ್ಣು ಬಿಟ್ಟಿದ್ದ, ಏಳಲು ಆಗುತ್ತಿರಲಿಲ್ಲ. ಕುಡಿದಿದ್ದಾನೆ ಎಂದು ಜನ ದಾಟಿಕೊಂಡು ಇಳಿದುಹೋಗಿದ್ದರು. ನಾನು, ದುರ್ಗವ್ವ, ಅಷ್ಟರಲ್ಲಿ ಅಂಗಡಿ ತೆರೆಯಲು ಬಂದಿದ್ದ ಬಾಷಾ ಸಾಬರು ಸೇರಿ ಅವನನ್ನು ಇಳಿಸಿ ಬೆಂಚಿನ ಮೇಲೆ ಮಲಗಿಸಿದೆವು. ಗಾಡಿ ಹೋಯಿತು.

ಅವನು ಸುತ್ತ ನೋಡಿದ. ನಲ್ಲಿ ನೋಡಿದ, ತೂಕದ ಯಂತ್ರ ನೋಡಿದ, ಆಚೆಗೆ ನಮ್ಮ ಬೀದಿ ನೋಡಿದ. “ಏ ದುರ್ಗೀ” ಎಂದು ಸಣ್ಣಗೆ ನಕ್ಕ. “ನೀ ಇಲ್ಲೇ ಕುಂತೀಯೇನ? ನಾ ಹಾದಿಯುದ್ದಕ್ಕೂ ಅನ್ಕೋತ ಬಂದೆ, ಇಕಿ ಬ್ಯಾಸತ್ತು ಎದ್ದು ಹೋಗಿರ್ತಾಳ, ಟೇಷನ್ ಮನಿ ಮುಂದ ಹೋಗಿರತೈತಿ, ಇಳದ ಕೂಡ್ಲೆ ಬಾಗಲಾ ಕಾಣತೈತಿ ಅಂತ.” ಆಮೇಲೆ ಕಣ್ಣು ಮುಚ್ಚಿದ. “ಗಾಡಿ ತಾ. ಹೋಗೂಣು.”

ತಳ್ಳುಗಾಡಿ ಇಳಿಜಾರಿನ ಪಕ್ಕ ನಿಂತಿತ್ತು. ದುರ್ಗವ್ವ ಅದರ ಕಡೆ ಹೊರಟಳು. ನನಗೆ ನನ್ನ ಹೆರಿಗೆಯ ದಿನ ನೆನಪಾಯಿತು. ಹಳಿಯ ಪಕ್ಕ ಕೂತು ನಾನೂ ಹೀಗೇ ಬೆವತಿದ್ದೆ. ಪೇಟೆಯವರು ಆನೆ ನೋಡಲು ಹೋಗದಿದ್ದರೆ ನಾನೂ ಇಲ್ಲ, ನನ್ನ ಮಗಳೂ ಇಲ್ಲ. ನಮ್ಮ ಕಡೆ ಸರ್ಕಸ್ಸು ಬಂದು ಎಷ್ಟು ಕಾಲವಾಯಿತು! ಇನ್ನು ಆನೆಯನ್ನು ಕಾಯುತ್ತ ಕೂತರೆ ಇವನು ಉಳಿಯುವುದಿಲ್ಲ.

“ಗಾಡಿ ಬಿಡು” ಎಂದೆ. “ಇವನನ್ನ ಹಿಡ್ಕೋ.”

ಸೊಂಟದಿಂದ ಬೀಗದ ಕೈ ತೆಗೆದು ಹೆಂಗಸರ ವೇಟಿಂಗ್ ರೂಮಿನ ಬಾಗಿಲು ತೆರೆದೆ. ಬಾಷಾ ಸಾಬರು ಒಂದು ಕಡೆ, ನಾವು ಒಂದು ಕಡೆ ಹಿಡಿದು ಹುಲಿಯಪ್ಪನನ್ನು ಒಳಗಿನ ಬೆಂಚಿನ ಮೇಲೆ ಮಲಗಿಸಿದೆವು. ದುರ್ಗವ್ವನಿಗೆ ಇನ್ನೂ ಅರ್ಥವಾಗಿರಲಿಲ್ಲ. “ಗಂಡಸರನ್ನ ಬಿಡೂದಿಲ್ಲ ಅಂತಿದ್ರಿ...” ಎಂದಳು.

“ಈಗಲೂ ಬಿಡಲ್ಲ. ಇವತ್ತು ಒಂದು ದಿನ. ಬೆಂಚಿನ ಕಾಲು ಗಟ್ಟಿಯಾಗಿ ಹಿಡ್ಕೊಂಡು ಕೂತಿರು. ನಾನು ಹೇಳೋವರೆಗೆ... ಅಲ್ಲ, ಇದು ನಿಲ್ಲೋವರೆಗೆ ಹೊರಗೆ ಬರಬೇಡ.” ಆಗ ಅವಳು ನನ್ನನ್ನು ನೋಡಿದಳು. ಮಾತಾಡಲು ಬಿಟ್ಟರೆ ನಾನೂ ಅತ್ತುಬಿಡುತ್ತಿದ್ದೆ, ಬಾಗಿಲು ಎಳೆದುಕೊಂಡೆ.

ಇಷ್ಟು ವರ್ಷ ಪ್ಲಾಟ್‌ಫಾರ್ಮಿನ ಮೇಲೆ ಜನ ಕೂರಿಸಿ ಅಭ್ಯಾಸ, ಖಾಲಿ ಮಾಡಿಸುವುದು ಎಷ್ಟು ಕಷ್ಟವೆಂದು ಅವತ್ತು ಗೊತ್ತಾಯಿತು. ಮೊದಲ ಪಂಕ್ತಿಯಲ್ಲಿ ಉಂಡವರು ಈಗ ಬಾಯಿ ಒರೆಸಿಕೊಳ್ಳುತ್ತ ಒಬ್ಬೊಬ್ಬರೇ ಬಂದರು. “ತಪ್ಪಾಯ್ತು ಅಕ್ಕ, ನಾನು ಕೂರ್ತೀನಿ.” “ಇಲ್ಲ, ನಾನು ಕೂರ್ತೀನಿ.” ಸೊಂಟಕ್ಕೆ ಕೈಯಿಟ್ಟು ನಿಂತೆ. “ಬೆಳಗ್ಗೆ ಕೂರದವರು ಈಗ ಯಾಕ್ರೋ ಕೂರ್ತೀರಿ? ಹೆಣ್ಣು ಒಪ್ಪಿಸಿಕೊಡೋ ಹೊತ್ತು, ಛತ್ರಕ್ಕೆ ಹೋಗಿ. ಪಾಳಿ ನಂದು.” ನನ್ನ ಮುಖ ನೋಡಿ ಎಲ್ಲರೂ ಇಳಿಜಾರು ಇಳಿದು ಹೋದರು. ಟಿಕೆಟ್ ಕಿಟಕಿಗೆ ಬಗ್ಗಿ, “ಮಾಸ್ಟರೇ, ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತ್ಕೊಳ್ಳಿ” ಎಂದೆ. “ಯಾಕಮ್ಮಾ?” ಎಂದರು. “ಹೇಳಿದಷ್ಟು ಮಾಡಿ” ಎಂದೆ.

ಉಳಿದವರು ಬಾಷಾ ಸಾಬರು. ಅವರಿಗೆ ಆಗಲೇ ಎಲ್ಲ ತಿಳಿದಿತ್ತು. “ಯೋಚನೆ ಮಾಡಿದ್ದೀರಾ ಅಕ್ಕಾ? ಬೆಟ್ಟಕ್ಕೆ ಹೋದರೆ?”

“ಹೋಗಲ್ಲ.”

“ಅಂಗಡಿ ನಂದೂ ಹೋಗುತ್ತೆ ಜೊತೆಗೆ.”

“ಹೋಗಲಿ. ನಡೆದರೆ ನಿಮ್ಮ ಸಕ್ಕರೆ ಕಾಯಿಲೆಗೂ ಒಳ್ಳೇದು. ಇಳೀರಿ.”

ಅವರು ಹಾಲಿನ ಪಾತ್ರೆ ಒಲೆಯಿಂದ ಇಳಿಸಿ ಪಕ್ಕಕ್ಕಿಟ್ಟು, ಕೆಟಲ್ಲು, ಎರಡು ಲೋಟ ಕೈಯಲ್ಲಿ ಹಿಡಿದು ಇಳಿದರು. ಅವರ ಹಿಂದೆ ನಾನು. ಇಳಿಜಾರಿನ ಕೊನೆಯಲ್ಲಿ ನನ್ನ ಒಂದು ಕಾಲು ಕಲ್ಲಿನ ಮೇಲೆ, ಒಂದು ಕಾಲು ಮಣ್ಣಿನ ಮೇಲೆ. ಒಂದು ಗಳಿಗೆ ಹಾಗೇ ನಿಂತೆ. ಇಡೀ ಬೀದಿ ನನ್ನ ಮೈ ಮೇಲೆ ಬೀಳುತ್ತದೆ ಎಂದು ಗೊತ್ತಿತ್ತು. ಬೀಳಲಿ ಎಂದುಕೊಂಡು ಆ ಕಾಲನ್ನೂ ತೆಗೆದೆ.

ಮಲಗಿದ್ದ ದನ ಏಳುವಾಗ ಮೊದಲು ಹಿಂಗಾಲು ಎತ್ತುತ್ತದಲ್ಲ, ಹಾಗೆ ಪ್ಲಾಟ್‌ಫಾರ್ಮಿನ ಆ ತುದಿ ಮೊದಲು ಎದ್ದಿತು. ಆಮೇಲೆ ಒಟ್ಟಿಗೆ ಎಲ್ಲವೂ ಸರಿಯಿತು. ಬೆಂಚುಗಳು ಹೋದವು, ನಲ್ಲಿಗಳು ಹೋದವು, ‘ನಿಲ್ದಾಣ’ ಎಂಬ ಬೋರ್ಡು ನಮ್ಮ ಮುಂದೆಯೇ ಹಾದು ಹೋಯಿತು. ವೇಟಿಂಗ್ ರೂಮಿನ ಕಿಟಕಿಯಲ್ಲಿ ದುರ್ಗವ್ವನ ಮುಖ ಕಂಡಿತು. ಒಳಗೆಲ್ಲೋ ಲೋಬೋ ಮಾಸ್ಟರು “ಯೇಸುವೇ!” ಎಂದು ಕೂಗಿದ್ದು ಕೇಳಿಸಿತು. ಕುರ್ಚಿಯಿಂದ ಇಳಿದಿರಲಿಲ್ಲ ಅಂತ ಕಾಣುತ್ತದೆ. ದೀಪಗಳು ಸ್ವಲ್ಪ ದೂರ ಕಂಡು, ಹಳಿ ತಿರುಗುವಲ್ಲಿ ಮರೆಯಾದವು.

ಬಾಷಾ ಸಾಬರು ಒಂದು ಲೋಟಕ್ಕೆ ಟೀ ಬಗ್ಗಿಸಿ ಕೊಟ್ಟರು. ಕುಡಿಯದೆ ಕೈಯಲ್ಲೇ ಹಿಡಿದುಕೊಂಡೆ. ನಿಲ್ಲುತ್ತದೆ ಎಂದು ನಾನು ಧೈರ್ಯವಾಗಿ ಹೇಳಿದ್ದೆ, ಈಗಲೂ ಹೇಳುತ್ತೇನೆ, ಆದರೆ ಆ ತಿರುವಿನಾಚೆ ಏನಾಯಿತೆಂದು ಕಾಣದೆ ನಿಂತಿದ್ದೆನಲ್ಲ, ಅಷ್ಟು ಹೊತ್ತು ನನ್ನ ಜೀವ ನನ್ನ ಕೈಯಲ್ಲಿರಲಿಲ್ಲ.

ಆಗ ಓಲಗ ಕೇಳಿಸಿತು. ಏಳರ ಗಾಡಿಗೆ ಇನ್ನೂ ಹೊತ್ತಿದ್ದರೂ ಮದುವಣಗಿತ್ತಿಯನ್ನು ಹತ್ತಿಸಲು ದಿಬ್ಬಣವೇ ಬರುತ್ತಿತ್ತು. ಟ್ರಂಕು, ಹಾಸಿಗೆ ಸುರುಳಿ, ಬಿಂದಿಗೆ ಎಲ್ಲ ಹೊತ್ತು ಬಂದವರು ಖಾಲಿ ಜಾಗ ನೋಡಿ ಕಲ್ಲಾದರು. ಓಲಗದವನು ಊದುವುದನ್ನು ಮರೆತ. ತಿಪ್ಪೇಸ್ವಾಮಿ ತಲೆಯ ಮೇಲಿನ ಪೇಟ ತೆಗೆದು ನೆಲಕ್ಕೆ ಬಡಿದ. “ಸ್ಟೇಷನ್ ಎಲ್ಲಿ ಅಕ್ಕಾ? ಪಾಳಿ ನಂದು ಅಂದ್ರಂತೆ, ಎಲ್ಲಿ?”

“ಕಳಿಸಿದೆ” ಎಂದೆ.

“ಕಳಿಸಿದ್ರಾ! ನನ್ನ ಸೈಕಲ್ ಸ್ಟ್ಯಾಂಡು! ನನ್ನ ಮಗಳನ್ನ ಏನು ಹೆಗಲ ಮೇಲೆ ಹೊತ್ಕೊಂಡು ಹೋಗ್ಲಾ? ಬೀದಿಗೆ ಬೆಂಕಿ ಇಟ್ರಲ್ಲ ನೀವು!”

“ಬೆಂಕಿ ಇಟ್ಟೋರು ಮೊದಲನೇ ಪಂಕ್ತಿಯಲ್ಲಿ ಉಂಡೋರು. ಅವರ ಮಧ್ಯೆ ಕೂತು ನಿನ್ನ ಭಾವಮೈದ ನಾಲ್ಕು ಲಾಡು ತಿಂದ, ನಾನೇ ಬಡಿಸಿದ್ದೀನಿ. ಕೋರೆಯಿಂದ ಒಬ್ಬಳು ಬಂದು ನಮ್ಮ ಪಾಳಿ ಕೂತಳು, ಅವಳ ಗಂಡ ಡಬ್ಬಿಯ ನೆಲದ ಮೇಲೆ ಬಿದ್ದು ಬಂದ. ಇನ್ನೂ ಏನಾದರೂ ಕೇಳಬೇಕಾ?” ಆಗ ಮದುವಣಗಿತ್ತಿ ಪಂಕಜಾ ಕಾಲಿನ ಹೊಸ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಳು. “ನಡೀರಿ ಅಪ್ಪಾ, ಗಾಡಿ ಹೋಗಿಬಿಟ್ರೆ ಕಷ್ಟ” ಎಂದಳು. ಆ ಹುಡುಗಿಯ ತಲೆ ಸವರಿ ನಾನು ಮುಂದೆ ನಡೆದೆ. ಓಲಗದವನಿಗೆ, “ಊದಯ್ಯಾ, ಹೆಣ್ಣು ಕಳಿಸ್ತಿದ್ದೀವಿ, ಹೆಣ ಅಲ್ಲ” ಎಂದೆ. ಹಳಿಗುಂಟ ಟ್ರಂಕು ಹೊತ್ತ ದಿಬ್ಬಣ ಓಲಗದ ಸಮೇತ ಕೋರೆಯ ಕಡೆ ಹೊರಟಿತು. ಹಾದಿಯುದ್ದಕ್ಕೂ ನನ್ನನ್ನು ಬೈಯುತ್ತಲೇ ಬಂದರು. ದುರ್ಗವ್ವ ಇದೇ ಕಲ್ಲಿನ ಮೇಲೆ ಗಾಡಿ ತಳ್ಳುತ್ತಿದ್ದಳು ಎಂದು ಮಾತ್ರ ನಾನು ಒಂದೆರಡು ಸಲ ನೆನಪಿಸಿದೆ.

ತಿರುವು ದಾಟಿದೆವು. ದೀಪ ಕಾಣಲಿಲ್ಲ. ಇನ್ನಷ್ಟು ನಡೆದೆವು. ಕೋರೆಯ ಗುಡ್ಡದ ಹಿಂದಿನಿಂದ ಮೊದಲು ಬೋರ್ಡಿನ ದೀಪ ಕಂಡಿತು, ಆಮೇಲೆ ನಲ್ಲಿಗಳು, ಆಮೇಲೆ ತೂಕದ ಯಂತ್ರ. ಕಾಲೋನಿಯ ಮೊದಲ ಸಾಲಿನ ಮನೆಗಳ ಎದುರಿಗೇ ಇಳಿಜಾರು ಮುಗಿದಿತ್ತು. ಒಂದು ಮನೆಯ ಬಾಗಿಲು ತೆರೆದಿತ್ತು, ಒಳಗೆ ಚಾಪೆಯ ಮೇಲೆ ಹುಲಿಯಪ್ಪ ಮಲಗಿದ್ದ. ಪ್ಲಾಟ್‌ಫಾರ್ಮಿನ ಅಂಚಿನ ಕಲ್ಲಿನ ಮೇಲೆ ದುರ್ಗವ್ವ ನೆಟ್ಟಗೆ ಕೂತಿದ್ದಳು.

“ನಿಂತ ಕೂಡ್ಲೆ ಇವರನ್ನ ಮನ್ಯಾಗ ಬಿಟ್ಟೆ. ಅಲ್ಲೀತನಕ ನೆರಮನಿ ಅವ್ವ ಕುಂತಿದ್ಲು” ಎಂದಳು. “ಪಾಳಿ ಬಿಟ್ಟಿಲ್ರೀ ಅಕ್ಕಾರ.” ನಾನು ಅವಳ ಪಕ್ಕ ಕುಸಿದು ಕೂತೆ. ಅಷ್ಟರಲ್ಲಿ ಹಣೆಯ ಮೇಲೆ ಬುಗುಟು ಎದ್ದಿದ್ದ ಲೋಬೋ ಮಾಸ್ಟರು ಕಿಟಕಿ ತೆರೆದು ಟಿಕೆಟ್ ಕೊಡತೊಡಗಿದರು. ಏಳರ ಗಾಡಿ ಬಂತು. ಪಂಕಜಾ ಅತ್ತುಕೊಂಡು ಹತ್ತಿದಳು, ಕೋರೆಯ ಹೆಂಗಸರೂ ಸೇರಿಕೊಂಡು ಅತ್ತರು.

ಹೆಂಚಿನಬೀದಿಯವರು ಬಹಳ ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ತಿಪ್ಪೇಸ್ವಾಮಿ ಈಗ ಬೀದಿಗೂ ಕೋರೆಗೂ ನಡುವೆ ಸೈಕಲ್ ಬಾಡಿಗೆಗೆ ಕೊಡುತ್ತಾನೆ. ಮೊದಲಿಗಿಂತ ಚೆನ್ನಾಗಿದ್ದಾನೆ, ಆದರೂ ನನ್ನನ್ನು ಕಂಡರೆ ಗೊಣಗುತ್ತಾನೆ. ಬಾಷಾ ಸಾಬರು ನಡೆದೇ ಬರುತ್ತಾರೆ, ಸಕ್ಕರೆ ಇಳಿದಿದೆಯಂತೆ, ನನಗೆ ಹೇಳುವುದಿಲ್ಲ. ನಾನೂ ನಡೆಯುತ್ತೇನೆ. ಸ್ಟೇಷನ್ನಿದ್ದ ಜಾಗದಲ್ಲಿ ಬೇವಿನ ಸಸಿ ನೆಟ್ಟಿದ್ದೇನೆ, ಹೋಗುವಾಗ ಒಂದು ಚೊಂಬು ನೀರು ಹಾಕುತ್ತೇನೆ. ಕೋರೆಯವರು ನಮಗಿಂತ ಚೆನ್ನಾಗಿ ಪಾಳಿ ಮಾಡಿದ್ದಾರೆ. ಸೋಮವಾರ, ಗುರುವಾರ ದುರ್ಗವ್ವನ ಪಾಳಿ, ನಾನೇ ಹಟ ಮಾಡಿ ಹಾಕಿಸಿದ್ದು. ಆ ದಿನಗಳಲ್ಲಿ ಅವಳು ಗಂಡನ ಜೊತೆ ಪಟ್ಟಣಕ್ಕೆ ಹೋಗಬೇಕಲ್ಲ, ಅವಳ ಜಾಗದಲ್ಲಿ ನಾನು ಕೂರುತ್ತೇನೆ. ಹುಲಿಯಪ್ಪನ ಅಪ್ಪ ಹೊಡೆದ ಕಲ್ಲು ಬಿಸಿಲಿಗೆ ಸುಡುತ್ತದೆ, ಒಂದು ಗೋಣಿ ಹಾಸಿಕೊಳ್ಳುತ್ತೇನೆ. ಮಧ್ಯಾಹ್ನ ಕಾಲೋನಿಯವರು ಬಂದು, “ಏಳ್ರಿ ಅಕ್ಕಾರ, ಉಂಡು ಬರ್ರಿ, ನಾವು ಕುಂದ್ರತೀವಿ” ಎನ್ನುತ್ತಾರೆ. ಇಲ್ಲಿಗೇ ತಂದುಕೊಡಿ ಎನ್ನುತ್ತೇನೆ. ಸಂಜೆಯ ಗಾಡಿ ಬಂದು, ಅವನು ಹೆಂಡತಿಯ ಭುಜ ಹಿಡಿದು ಇಳಿದು, ನಾಲ್ಕು ಹೆಜ್ಜೆ ನಡೆದು ತನ್ನ ಮನೆಯ ಹೊಸಿಲ ಮೇಲೆ ಕೂತು ನನ್ನ ಕಡೆ ಕೈ ಎತ್ತಿದ ಮೇಲೆಯೇ ನಾನು ಏಳುವುದು.